ಕೊಂಡಿ ಕಳಚಿದ ಮನೆ

ನಮ್ಮವರ ಕೆಲಸ ತಕ್ಕಡಿ ಸರಿ ಮಾಡುವುದು. ಅಂಗಡಿಯ ಪುಟ್ಟ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ನಿಲ್ಲಿಸಿ ತೂಗುವ ಕಬ್ಬಿಣದ ಹಾಸಿನವರೆಗೆ, ಯಾವುದು ಸುಳ್ಳು ಹೇಳಲು ಶುರು ಮಾಡಿದರೂ ಇವರಿಗೆ ಕರೆ ಬರುತ್ತದೆ. ಇವರು ಹೋಗಿ, ಮುದ್ರೆಯೊತ್ತಿದ ತಮ್ಮ ತೂಕದ ಬಟ್ಟುಗಳನ್ನು ಅದರ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ತಿರುಪು ತಿರುಗಿಸಿ ಸರಿಮಾಡಿ ಬರುತ್ತಾರೆ. ಹೋದಲ್ಲೆಲ್ಲ ಇವರನ್ನು ತಕ್ಕಡಿ ಮೇಷ್ಟ್ರು ಎನ್ನುತ್ತಾರೆ. ಆ ಹೆಸರಿನ ಮುಂದೆ ‘ಬೆಪ್ಪು’ ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಳ್ಳುವುದುಂಟು.

ಯಾಕೆಂದರೆ ಜಗತ್ತಿನ ಭಾರವನ್ನೆಲ್ಲ ತೂಗಿದ ಈ ಮನುಷ್ಯ ತನ್ನ ಗಾಡಿಯನ್ನು ಒಮ್ಮೆಯೂ ತೂಗಿದವರಲ್ಲ. ನಮ್ಮದೊಂದು ಹಳೆಯ ಟ್ರಕ್ಕು. ಅದರ ಹಿಂದೆ ಕೊಂಡಿಗೆ ಸಿಕ್ಕಿಸಿದ ಎರಡು ಗಾಲಿಯ ಟ್ರೇಲರ್ ಮನೆ. ಇವರು ಅದನ್ನು ಮನೆ ಎನ್ನುತ್ತಾರೆ, ನಾನು ಡಬ್ಬಿ ಎನ್ನುತ್ತೇನೆ. ಡಬ್ಬಿಯೊಳಗೆ ಒಂದು ಮಂಚ, ಒಂದು ಒಲೆ, ಕೈ ತೊಳೆಯುವ ಬೋಗುಣಿ, ಮಡಚುವ ಮೇಜು. ಮಂಚದ ಕೆಳಗೆ ಎರಕದ ಕಬ್ಬಿಣದ ಬಟ್ಟುಗಳು. ಒಂದೊಂದನ್ನೂ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಇವು ಸಾಲದೆಂಬಂತೆ, ಮುಂದೆ ಬೇಕಾಗುತ್ತದೆ ಎಂದು ಎತ್ತಿಟ್ಟ ಕೆಟ್ಟ ತಕ್ಕಡಿಗಳ ರಾಶಿ. ಒಮ್ಮೆ ಇದನ್ನೆಲ್ಲ ತೂಗಿ ನೋಡಿ ಎಂದು ಎಷ್ಟು ಸಲ ಹೇಳಿದ್ದೇನೋ. ಇಷ್ಟು ಚಿಕ್ಕ ಟ್ರೇಲರಿಗೆ ತೂಕವೇ ಎಂದು ನಗುತ್ತಾರೆ.

ಬಯಲಿನಲ್ಲಿ ಟ್ರಕ್ಕು ಒಳ್ಳೆಯ ಹುಡುಗನ ಹಾಗೆ ಓಡುತ್ತದೆ. ಏರು ಕಂಡಿತೋ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತದೆ. ಮದುವೆಯಾದಂದಿನಿಂದ ನಾನು ಗಂಡನ ಮುಖಕ್ಕಿಂತ ಆ ಮುಳ್ಳನ್ನೇ ಹೆಚ್ಚು ನೋಡಿದ್ದೇನೆ. ಮುಳ್ಳು ಕೆಂಪಿನ ಹತ್ತಿರ ಬಂದಾಗ ಇವರದೊಂದು ಉಪಾಯವಿದೆ. ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸುವುದು. ಎಂಜಿನ್ನಿನ ಬಿಸಿ ನಮ್ಮ ಕಡೆ ಬಂದರೆ ಅದಕ್ಕೆ ಅಷ್ಟು ಆರಾಮವಂತೆ. ಸುಡುಬಿಸಿಲಿನಲ್ಲಿ, ಕಾಲ ಮೇಲೆ ಕುಲುಮೆಯ ಗಾಳಿ ಬೀಸಿಸಿಕೊಂಡು ಕುಳಿತ ನನ್ನ ಆರಾಮದ ಬಗ್ಗೆ ಯಾರೂ ವಿಚಾರಿಸಲಿಲ್ಲ. ಉಪಾಯ ಕೆಲಸ ಮಾಡುತ್ತದೆ ಎಂಬುದು ಇನ್ನೂ ಹೊಟ್ಟೆ ಉರಿಸುವ ವಿಷಯ. ಆದರೆ ಸ್ವಲ್ಪ ದೂರ ಮಾತ್ರ. ಆಮೇಲೆ ಹೇಗೂ ನಿಲ್ಲಿಸಬೇಕು, ಹೊಗೆ ನೋಡುತ್ತ ಕೂರಬೇಕು. ನಾದಿನಿಯ ಮದುವೆಗೆ ನಾವು ತಲುಪಿದಾಗ ಕುರ್ಚಿಗಳನ್ನು ಮಡಚಿಡುತ್ತಿದ್ದರು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ನಿಂತಲ್ಲಿ ನಿಲ್ಲುವ ಒಂದು ಮನೆ. ಗೋಡೆಗೆ ಒಂದು ಮೊಳೆ ಹೊಡೆದರೆ ಅದರಾಚೆಗೆ ದಿನವೂ ಅದೇ ಬೇಲಿ, ಅದೇ ಮರ ಇರಬೇಕು. ಪಕ್ಕದ ಮನೆಯವಳ ಜೊತೆ ಜಗಳವಾಡಿದರೆ ಮರುದಿನ ರಾಜಿಯಾಗುವುದಕ್ಕೆ ಅವಳೂ ಇರಬೇಕು, ನಾನೂ ಇರಬೇಕು. ಇದನ್ನು ಹೇಳಿದಾಗೆಲ್ಲ ಇವರು ‘ನೋಡೋಣ’ ಎನ್ನುತ್ತಿದ್ದರು. ಇವರ ಬಾಯಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ಹೀಗಿರುವಾಗ ಗುಡ್ಡದ ಮೇಲಿನ ಮರದ ಮಿಲ್ಲಿನಿಂದ ಮ್ಯಾನೇಜರು ಫೋನು ಮಾಡಿದರು. ಲಾರಿ ತೂಗುವವನು ಕೆಲಸ ಬಿಟ್ಟಿದ್ದಾನೆ, ತೂಕದ ಹಾಸು ಹಾಳಾಗಿದೆ, ಬಂದು ಸರಿಮಾಡಿ, ಮನಸ್ಸಿದ್ದರೆ ಆ ಕೆಲಸಕ್ಕೇ ನಿಂತುಬಿಡಿ, ಗೇಟಿನ ಪಕ್ಕದಲ್ಲೇ ಎರಡು ಕೋಣೆಯ ಮನೆಯಿದೆ ಎಂದರು. ಇವತ್ತು ಗೇಟು ಹಾಕುವುದರೊಳಗೆ ಬರದಿದ್ದರೆ ನಾಳೆ ಇನ್ನೊಬ್ಬನನ್ನು ಕರೆಯುತ್ತಾರಂತೆ. ನಾನು ಬಟ್ಟೆ ಗಂಟು ಕಟ್ಟುವಷ್ಟರಲ್ಲಿ ಆ ಎರಡು ಕೋಣೆಗಳಿಗೆ ಪರದೆಯನ್ನೂ ಹೊಲಿದು ಮುಗಿಸಿದ್ದೆ, ತಲೆಯಲ್ಲಿ.

ಗುಡ್ಡದ ಬುಡದಲ್ಲೇ ಮುಳ್ಳು ಎದ್ದಿತು. ಹೀಟರು ಹಾಕಿದರು. ನಾಲ್ಕು ತಿರುವು ದಾಟುವುದರೊಳಗೆ ನಿಲ್ಲಿಸಿದರು. ಆರಿದ ಮೇಲೆ ಹೊರಟೆವು, ಮತ್ತೆ ನಿಂತೆವು. ನಾವು ನಿಂತಾಗೆಲ್ಲ ಇವರು ಬಾನೆಟ್ಟು ಎತ್ತಿ, ಅದರ ನೆರಳಿನಲ್ಲಿ ನಿಂತು ಸಣ್ಣಗೆ ಹಾಡು ಗುನುಗುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನೆತ್ತಿಯ ಮೇಲಿದ್ದ ಬಿಸಿಲು ಆಗಲೇ ಪಕ್ಕಕ್ಕೆ ವಾಲಿತ್ತು. ಇವರಿಗೆ ಆತುರವೇ ಇಲ್ಲವಲ್ಲ, ಗೇಟು ಹಾಕಲಿ ಎಂದೇ ಕಾಯುತ್ತಿದ್ದಾರೆಯೇ ಎಂಬ ಅನುಮಾನ ಬಂದದ್ದೇ ಆಗ.

ಅರ್ಧ ಗುಡ್ಡ ಹತ್ತಿದ ಮೇಲೆ ಒಂದು ಅಗಲವಾದ ತಿರುವು ಬಂತು. ಬಂಡೆಯಿಂದ ಜಿನುಗುವ ನೀರಿಗೆ ಯಾರೋ ಕೊಳವೆ ಇಟ್ಟಿದ್ದರು. ಟ್ರಕ್ಕು ಅಲ್ಲಿ ಬುಸ್ಸೆಂದು ಉಗಿ ಬಿಟ್ಟು ಕೂತೇಬಿಟ್ಟಿತು. ಇವರು ಇಳಿದು, ರೇಡಿಯೇಟರಿನ ಮುಚ್ಚಳ ಈಗ ಮುಟ್ಟಬಾರದು, ಮುಟ್ಟಿದರೆ ಕೈ ಬೆಂದುಹೋಗುತ್ತದೆ ಎಂದು ಎಂದಿನ ಪಾಠ ಶುರು ಮಾಡಿದರು. ಆ ಪಾಠ ನನಗೆ ಬಾಯಿಪಾಠ.

ನಾನು ಕೇಳಿದೆ, ಈ ಡಬ್ಬಿ ಇಲ್ಲದಿದ್ದರೆ ಟ್ರಕ್ಕು ಹತ್ತುತ್ತದೆಯೇ ಎಂದು. ಹತ್ತದೇ ಏನು, ನಗುನಗುತ್ತ ಹತ್ತುತ್ತದೆ ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

“ಹಾಗಾದ್ರೆ ಬಟ್ಟುಗಳನ್ನ ಟ್ರಕ್ಕಿಗೆ ಹಾಕ್ಕೊಂಡು ಹೋಗಿ. ಡಬ್ಬಿ ಇಲ್ಲೇ ಇರ್ಲಿ, ನಾನು ಕಾಯ್ತೀನಿ.”

ಇವರು ಏನೇನೋ ಕಾರಣ ಹೇಳಿದರು. ರಸ್ತೆ ಬದಿ, ನೀನೊಬ್ಬಳೇ, ಬಟ್ಟುಗಳಿಗೆ ಏಟು ಬಿದ್ದರೆ ತೂಕ ತಪ್ಪುತ್ತದೆ. ನಾನು ಮೊದಲನೆಯ ಬಟ್ಟನ್ನು ಎತ್ತಿಕೊಂಡು ಹೊರಗೆ ಬಂದೆ. ಅದನ್ನು ನೋಡಿ ಓಡಿಬಂದರು, ನನ್ನ ಸೊಂಟದ ಮೇಲಿನ ಕನಿಕರದಿಂದಲೋ ಬಟ್ಟಿನ ಮೇಲಿನ ಪ್ರೀತಿಯಿಂದಲೋ ಗೊತ್ತಿಲ್ಲ. ಎಲ್ಲವನ್ನೂ ಟ್ರಕ್ಕಿನಲ್ಲಿ ಹಳೆಯ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಎಂಜಿನ್ನು ಆರಿದ ಮೇಲೆ ನೀರು ತುಂಬಿ, ಕೊಂಡಿ ಕಳಚಿ, ಟ್ರೇಲರಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಖ ಗಂಟು ಹಾಕಿಕೊಂಡು ಹೋದರು. ಟ್ರಕ್ಕು ನಿಜವಾಗಿಯೂ ನಗುನಗುತ್ತ ಹತ್ತಿತು. ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಒಬ್ಬಳೇ ಕುಳಿತು ಎರಡು ಕೋಣೆಗಳಲ್ಲಿ ಯಾವುದನ್ನು ಅಡುಗೆಮನೆ ಮಾಡುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದು ಲಾರಿ ಉಗಿ ಕಾರುತ್ತ ಬಂದು ನಿಂತಿತು. ಆ ಲಾರಿಯ ಡ್ರೈವರು ಬೊಜ್ಜಿನ ಆಸಾಮಿ, ಡಬ್ಬಿಯ ಕಿಟಕಿಗೆ ಬಗ್ಗಿ ಒಂದು ಚಹಾ ಕೊಡಿ ಅಕ್ಕಾ ಎಂದ. ಇದು ಅಂಗಡಿಯಲ್ಲ ಎಂದೆ. ಮತ್ತೆ ಇಲ್ಲಿ ಯಾಕೆ ನಿಲ್ಲಿಸಿದ್ದೀರಿ, ಈ ತಿರುವಿನಲ್ಲಿ ಕುದಿಯದ ಗಾಡಿಯೇ ಇಲ್ಲ, ನೀರಿದೆ, ಚಹಾ ಒಂದಿಲ್ಲ ಎಂದು ವರ್ಷಗಳಿಂದ ಬೈದುಕೊಳ್ಳುತ್ತಿದ್ದೇವೆ ಎಂದ. ಗಾಡಿ ಆರಲು ಹೇಗೂ ಹೊತ್ತಾಗುತ್ತದೆ. ಪಾಪ ಎನ್ನಿಸಿ ಒಲೆ ಹಚ್ಚಿದೆ. ಅವನು ಕುಡಿಯುತ್ತಿರುವಾಗ ಇನ್ನೊಂದು ಲಾರಿ ಬಂತು, ಅದರ ಹಿಂದೆ ಮಕ್ಕಳು ಮರಿ ತುಂಬಿದ ಒಂದು ಕಾರು. ಬಾನೆಟ್ಟುಗಳೆಲ್ಲ ಬಾಯಿ ತೆರೆದು ನಿಂತವು. ಗಂಡಸರೆಲ್ಲ ಅವುಗಳ ನೆರಳಿನಲ್ಲಿ ನಿಂತು ಮುಚ್ಚಳ ಮುಟ್ಟಬಾರದೆಂದು ಒಬ್ಬರಿಗೊಬ್ಬರು ಪಾಠ ಹೇಳಿದರು. ಕಾರಿನಲ್ಲಿದ್ದ ಹೆಂಗಸು ಬೆವರೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ನಮ್ಮವರು ಈ ಬಿಸಿಲಲ್ಲಿ ಹೀಟರು ಹಾಕಿದರು ಕಣ್ರೀ ಎಂದಳು. ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ತುಂಬ ಬೈದೆವು. ಹಾಲು ಮುಗಿದಾಗ, ಲಾರಿಯಲ್ಲಿ ಗುಡ್ಡ ಇಳಿದು ಹೋಗುತ್ತಿದ್ದ ಒಬ್ಬ, ಬೊಜ್ಜಿನ ಆಸಾಮಿಯ ಗೆಳೆಯ, ವಾಪಸು ಬರುವಾಗ ತಂದುಕೊಡುತ್ತೇನೆ ಎಂದು ಹೇಳಿಹೋದ.

ಸಂಜೆ ನಮ್ಮವರು ಬಂದರು. ಮುಖದಲ್ಲಿ ಗೆಲುವಿರಲಿಲ್ಲ. ಹಾಸು ಸರಿಯಾಯಿತಂತೆ. ಮ್ಯಾನೇಜರಿಗೆ ಖುಷಿಯಾಯಿತಂತೆ. ಬೀಗದ ಕೈಯನ್ನೂ ಮುಂದೆ ಹಿಡಿದರಂತೆ.

“ಮತ್ತೆ?” ಎಂದೆ.

“ಬೇಡ ಅಂದೆ,” ಎಂದರು ನೆಲ ನೋಡುತ್ತ. “ದಿನಾ ಒಂದೇ ತಕ್ಕಡಿ ಮುಂದೆ ಕೂತ್ರೆ ನಾನು ತುಕ್ಕು ಹಿಡಿದುಹೋಗ್ತೀನಿ ಕಣೇ. ನಿನಗೆ ಮೊದ್ಲೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.”

ಎರಡು ಕೋಣೆ, ಪರದೆ, ಮೊಳೆ, ಎಲ್ಲವೂ ಒಂದೇ ಮಾತಿಗೆ ಹೋಯಿತು. ಅಷ್ಟು ದುಃಖ ನನಗೆ ಯಾವತ್ತೂ ಆಗಿರಲಿಲ್ಲ. ಒಳಗೆ ಹೋಗಿ ಲೋಟ ತೊಳೆಯುತ್ತ ನಿಂತೆ. ಇವರು ಮೆಲ್ಲಗೆ ಟ್ರಕ್ಕನ್ನು ಹಿಂದಕ್ಕೆ ತಂದರು. ಕೊಂಡಿಯ ಸದ್ದು ಕೇಳಿಸಿತು. ಹೊರಗೆ ಹಾಲು ತಂದಿದ್ದ ಲಾರಿಯವನು ನನ್ನನ್ನೂ ಇವರನ್ನೂ ನೋಡುತ್ತ, ಕೈಯಲ್ಲಿ ಪಾತ್ರೆ ಹಿಡಿದು ಕಾಯುತ್ತಿದ್ದ.

ಬಾಗಿಲಿಗೆ ಬಂದು ಹೇಳಿದೆ. “ಕೊಂಡಿ ಮುಟ್ಬೇಡಿ. ನೀವು ಎಲ್ಲಿಗೆ ಬೇಕೋ ಹೋಗಿ, ಮನೆ ಇಲ್ಲಿಂದ ಕದಲಲ್ಲ.”

“ಮತ್ತೆ ನಾನು?”

“ಕೆಲಸ ಮುಗಿದ ಮೇಲೆ ಎಲ್ಲರೂ ಮನೆಗೆ ಬರ್ತಾರಲ್ಲ, ಹಾಗೆ ಬನ್ನಿ.”

ಇವರು ಕೊಂಡಿಯಿಂದ ಕೈ ತೆಗೆದರು. ಜೀವಮಾನದಲ್ಲಿ ಮೊದಲ ಬಾರಿಗೆ ‘ನೋಡೋಣ’ ಎನ್ನಲಿಲ್ಲ. ಲಾರಿಯವನ ಕೈಯಿಂದ ಹಾಲು ತೆಗೆದುಕೊಂಡು ನನಗೆ ಕೊಟ್ಟರು. ಆಮೇಲೆ ಪೆಟ್ಟಿಗೆಯಿಂದ ತಕ್ಕಡಿ ವಾಲಿದೆಯೇ ಎಂದು ನೋಡುವ ರಸಮಟ್ಟವನ್ನು ತಂದು ಡಬ್ಬಿಯ ನೆಲದ ಮೇಲಿಟ್ಟು ನೋಡಿ, ಇಷ್ಟು ವಾಲಿದ ಮನೆಯಲ್ಲಿ ಯಾರಾದರೂ ಬದುಕುತ್ತಾರೆಯೇ ಎಂದು ಗೊಣಗುತ್ತ, ಟ್ರೇಲರಿನ ಕೆಳಗೆ ತೂರಿಕೊಂಡು ಕಲ್ಲು ಜೋಡಿಸತೊಡಗಿದರು.