ಬಲಗಣ್ಣಿಗೆ ಲೇಸರ್, ಎಡಗಣ್ಣಿಗೆ ಯಾವುದು?

ಕೋತಗಿರಿಯ ಕೆಳಗಿನ ಹಟ್ಟಿಯೊಂದರಲ್ಲಿ ಅರವತ್ತೆರಡರ ರಂಗಿಗೆ ಮುಕ್ಕಾಲು ಎಕರೆ ಚಹಾ ತೋಟವಿದೆ. ಎಲೆ ಕೀಳುವುದೂ ಅವಳೇ. ಜುಲೈಯಲ್ಲಿ ಬಲಗಣ್ಣಿನ ಪೊರೆಗೆ ಲೇಸರ್ ಶಸ್ತ್ರಚಿಕಿತ್ಸೆ ಆಯಿತು. ಎರಡು ದಿನ ಚೆನ್ನಾಗಿ ಕಂಡಿತು. ವಾರದೊಳಗೆ ಕಣ್ಣು ಊದಿ ಎಲ್ಲವೂ ಮಂಜಾಯಿತು. ಊತ ಇಳಿದರೂ ನೋಟ ಇನ್ನೂ ಮಸುಕು.

ಈಗ ಎಡಗಣ್ಣಿನ ಸರದಿ. ಲೇಸರೋ, ಡಾಕ್ಟರು ಕತ್ತಿ ಹಿಡಿದು ಕೈಯಿಂದಲೇ ಮಾಡುವುದೋ ಎಂದು ಗುರುವಾರದೊಳಗೆ ಆಸ್ಪತ್ರೆಗೆ ಹೇಳಬೇಕು. ಈ ಕಣ್ಣೂ ಕೆಟ್ಟರೆ ಕುಡಿ ಯಾವುದು, ಬಲಿತ ಎಲೆ ಯಾವುದು ತಿಳಿಯುವುದಿಲ್ಲ. ಈಗಾಗಲೇ ಫ್ಯಾಕ್ಟರಿಯವರು ಅವಳ ಒಂದು ಮೂಟೆ ವಾಪಸು ಕಳಿಸಿದ್ದಾರೆ.

"ಲೇಸರೇ ಕೆಡಿಸಿದ್ದು. ಎನ್ನ ಕಣ್ಣು ನೋಡು, ಕೈಯಲ್ಲೇ ಮಾಡಿದ್ದು," ಎಂದಳು ನಾದಿನಿ ಕಮಲಂ.

"ಅಷ್ಟು ಚೆನ್ನಾಗಿ ಕಂಡರೆ ನಿನ್ನೆ ಎನ್ನ ಸಾಲಿನ ಎಲೆ ಏಕೆ ಕಿತ್ತೆ?" ಎಂದಳು ರಂಗಿ.

ಬುಧವಾರ ರಂಗಿ ಡಾಕ್ಟರನ್ನೇ ಕೇಳಿದಳು. ಅವರು ತಿರುಗಿ ಕೇಳಿದರು: "ಲೇಸರ್ ಆದ ಮೂರನೇ ದಿನ ಏನು ಮಾಡಿದಿರಿ?"

"ಎಲೆ ಕಿತ್ತೆ. ಲೇಸರ್ ಅಂದರೆ ಗಾಯವೇ ಇಲ್ಲೆ ಅಂದರು ಮನೆಯಲ್ಲಿ."

"ಗಾಯ ಇದ್ದೇ ಇರುತ್ತೆ. ಭಾರ ಎತ್ತಬೇಡಿ ಅಂದಿದ್ದೆನಲ್ಲಮ್ಮ?"

"ನಾ ಎತ್ತಿಲ್ಲೆ. ಮನೆಯವರು ಎತ್ತಿ ತಲೆ ಮೇಲೆ ಇಟ್ಟರು. ನಾ ನಡೆದೆ, ಅಷ್ಟೆ."

ಮೂಟೆ ಇಪ್ಪತ್ತೈದು ಕಿಲೋ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹಾಗಾದರೆ ಮೂಟೆಯಿಂದಲೇ ಊದಿತಾ?" ಎಂದಳು ರಂಗಿ.

"ಹೇಳೋಕಾಗಲ್ಲ. ಮೂಟೆ ಹೊರದವರಿಗೂ ಊದುತ್ತೆ. ಲೇಸರಲ್ಲೂ ಆಗಬಹುದು, ಕೈಯಲ್ಲಿ ಮಾಡಿದರೂ ಆಗಬಹುದು. ನಿಮಗೆ ಇದೇ ಒಳ್ಳೇದು ಅಂತ ನಾನು ಹೇಳಲಾರೆ."

ಒಂದು ಪ್ರಶ್ನೆ ಹಿಡಿದು ಒಳಗೆ ಹೋಗಿದ್ದವಳು ಎರಡು ಹಿಡಿದು ಹೊರಗೆ ಬಂದಳು. ಬೆಂಚಿನ ಮೇಲೆ ಗಂಡ ಭೋಜನ್ ಶಸ್ತ್ರಚಿಕಿತ್ಸೆಯ ಅರ್ಜಿ ಹಿಡಿದು ಕೂತಿದ್ದ.

"ಕೈಯಿಂದ ಅಂತ ಬರೆ," ಎಂದಳು.

"ಅದೇ ಒಳ್ಳೆಯದಾ?"

"ಗೊತ್ತಿಲ್ಲೆ. ಲೇಸರ್ ಅಂದರೆ ಮೂರನೇ ದಿನ ನೀನೇ ಮೂಟೆ ಎತ್ತಿ ಎನ್ನ ತಲೆ ಮೇಲಿಡುವೆ. ಕತ್ತಿ ಹಾಕಿದ್ದಾರೆ ಅಂದರೆ ಒಂದು ತಿಂಗಳು ಕೂರಲು ಬಿಡುವೆ."

ಭೋಜನ್ ತಲೆ ತಗ್ಗಿಸಿ ಬರೆದ. ಶಸ್ತ್ರಚಿಕಿತ್ಸೆ ಆದ ಮೇಲೆ ತಿಂಗಳೆಲ್ಲ ಮೂಟೆ ಹೊತ್ತವನು ಅವನೇ.

ಎಡಗಣ್ಣು ಈಗ ಸ್ಪಷ್ಟವಾಗಿದೆ. ಕೈಯೇ ಮೇಲು ಎಂದು ಕಮಲಂ ಹಟ್ಟಿಗೆಲ್ಲ ಸಾರುತ್ತಿದ್ದಾಳೆ. ಡಾಕ್ಟರ ಕೈಯೋ, ತಾನು ಕೂತಿದ್ದೋ, ಯಾವುದು ಕಣ್ಣು ಉಳಿಸಿತು ಎಂದು ರಂಗಿಗೆ ಮಾತ್ರ ಇನ್ನೂ ತಿಳಿದಿಲ್ಲ. ಆದರೆ ಮೂಟೆಯಡಿ ತಲೆಗಿಡುವ ಬಟ್ಟೆಯ ಸಿಂಬಿಯನ್ನು ಅವಳು ಭೋಜನನಿಂದ ವಾಪಸು ಕೇಳಿಲ್ಲ.