ಕಮಲಾಳ ಮಾದರಿ ಪಾಠ

ಕಮಲಾ, ಮಾದರಿ ಪಾಠದ ದಿನ ನಿನ್ನನ್ನು ಸೋಲಿಸಿದವಳು ನಾನು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ತಮಿಳು ಸೀಮೆಯ ಪೆರಂಬೂರಿನ ನಮ್ಮ ಕನ್ನಡ ಶಾಲೆಯಲ್ಲಿ ಟ್ರೈನಿಂಗ್ ಆಗದೆ ಪಾಠ ಮಾಡುತ್ತಿದ್ದವಳು ನೀನೊಬ್ಬಳೇ. ಆ ವರ್ಷ ನಿಯಮ ಬದಲಾಯಿತು: ನಿನ್ನಂಥ ಹಳಬರು ಇನ್‌ಸ್ಪೆಕ್ಟರ ಎದುರು ಒಂದು ಪಾಠ ಮಾಡಿ ತೋರಿಸಿದರೆ ಸರ್ಟಿಫಿಕೇಟ್, ಇಲ್ಲದಿದ್ದರೆ ಮನೆಗೆ. ನನಗೆ ಮೈಯೆಲ್ಲ ಉರಿಯಿತು. ಹಾಲು ಕುಡಿಯುವ ಕೂಸನ್ನು ಅಮ್ಮನ ಹತ್ತಿರ ಬಿಟ್ಟು ಎರಡು ವರ್ಷ ಟ್ರೈನಿಂಗ್ ಮುಗಿಸಿದವಳು ನಾನು. ನಿನಗೆ ಅದು ಒಂದೇ ಪೀರಿಯಡ್ಡಿನಲ್ಲಿ ಸಿಕ್ಕಿಬಿಡುವುದೆ? ಸಾಲದ್ದಕ್ಕೆ ಮಕ್ಕಳೆಲ್ಲ ನಿನ್ನ ಸೆರಗು ಹಿಡಿದೇ ಓಡಾಡುತ್ತಿದ್ದರು — ಹೊಟ್ಟೆಕಿಚ್ಚು, ಇನ್ನೇನು ಹೇಳಲಿ.

ರೈಲ್ವೆ ಕ್ವಾರ್ಟರ್ಸಿನ ಆ ಮಕ್ಕಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವರು. ನೀನು ತಡೆಯುತ್ತಿರಲಿಲ್ಲ. ಅವರ ತಮಿಳನ್ನೇ ಹಿಡಿದುಕೊಂಡು ಮೆಲ್ಲಗೆ ಕನ್ನಡಕ್ಕೆ ಕರೆತರುತ್ತಿದ್ದೆ. "ಯಾವ ಭಾಷೆಯಲ್ಲಾದರೂ ಸರಿ, ಮಕ್ಕಳು ಮಾತಾಡಬೇಕು, ನಾನು ನೋಡುವುದು ಅಷ್ಟೇ, ಆಕೆಗೆ ತಿಳಿಸಿ" ಎಂದು ಇನ್‌ಸ್ಪೆಕ್ಟರು ನನಗೇ ಹೇಳಿಹೋಗಿದ್ದರು. ನಾನು ತಿಳಿಸಲಿಲ್ಲ.

ಹಿಂದಿನ ದಿನ ನೀನೇ ಬಂದು ಕೇಳಿದೆ.

"ಅಕ್ಕಾ, ಪಿಳ್ಳೆಗಳು ತಮಿಳಲ್ಲೇ ಹೇಳ್ಬಿಟ್ರೆ?"

"ಒಂದು ತಮಿಳು ಮಾತು ಕಿವಿಗೆ ಬಿದ್ರೂ ಫೇಲ್ ಮಾಡ್ತಾರೆ ಕಮಲಾ. ಬಾಯಿ ಬಿಡ್ಬೇಡಿ ಅಂತ ಹೇಳಿಡು."

ಮರುದಿನ ಮಕ್ಕಳು ತುಟಿ ಹೊಲಿದುಕೊಂಡವರಂತೆ ಕೂತರು. ನೀನೇ ಪ್ರಶ್ನೆ ಕೇಳಿದೆ, ನೀನೇ ಉತ್ತರ ಹೇಳಿದೆ. ಒಬ್ಬಳು ಕೈ ಎತ್ತಿದಳು — ನಿನ್ನ ಮುಖ ನೋಡಿ ಇಳಿಸಿಬಿಟ್ಟಳು. ನಾನು ಕೊನೆಯ ಬೆಂಚಿನಲ್ಲಿದ್ದೆ. ಎದ್ದು ಒಂದು ಮಾತು ಹೇಳಬಹುದಿತ್ತು...

ಸರ್ಟಿಫಿಕೇಟ್ ಸಿಗದೆ ನೀನು ಶಾಲೆ ಬಿಟ್ಟು ಹೊರಡುವಾಗ ನನ್ನ ಕೈ ಹಿಡಿದೆ. "ನೀವು ಮುಂಚೇನೇ ಹೇಳಿದ್ರಿ ಅಕ್ಕಾ. ನನಗೇ ಕಲಿಸೋಕೆ ಬರಲ್ಲ."

ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ.

ನಿನ್ನ ತರಗತಿ ನನಗೆ ಬಂತು. ಮಕ್ಕಳು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಬೆಲ್ ಹೊಡೆದೊಡನೆ ಹೊರಗೆ ಓಡುತ್ತಿದ್ದರು. ನಾನೊಬ್ಬಳೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಆಮೇಲೆ ಯಾರ ಗೆಳೆತನವನ್ನೂ ಮಾಡಲಾಗಲಿಲ್ಲ — ಹತ್ತಿರ ಬಂದವರಿಗೆ ಇದು ತಿಳಿದುಬಿಟ್ಟರೆ...

ಮೊನ್ನೆ ಟಿ. ನಗರದಲ್ಲಿ ನಿನ್ನ ತಂಗಿ ಸಿಕ್ಕಿದ್ದಳು. ನೀನು ಮತ್ತೆಲ್ಲೂ ಪಾಠ ಮಾಡಲಿಲ್ಲವಂತೆ. ಸ್ವಂತ ಮಗಳಿಗೆ ಅಕ್ಷರ ತಿದ್ದಿಸಲೂ ಒಪ್ಪದೆ ಪಕ್ಕದ ಮನೆಗೆ ಕಳಿಸಿದೆಯಂತೆ, "ನನಗೆ ಕಲಿಸಲು ಬರುವುದಿಲ್ಲ" ಎಂದು.

ನಿನಗೆ ಬರುತ್ತಿತ್ತು, ಕಮಲಾ. ನನಗಿಂತ ಚೆನ್ನಾಗಿ ಬರುತ್ತಿತ್ತು — ಅದಕ್ಕೇ ನಾನು ಹಾಗೆ ಮಾಡಿದೆ.