ಕೆಸರು ಬೆಂಚು

ಎಪ್ಪತ್ತರ ದಶಕದ ನಡುವಿನ ಮಾತು. ಮನೆವಾರ್ತೆಗೆ ಪೂರ್ತಿ ಇಳಿಯುವ ಮುಂಚೆ ಎರಡು ವರ್ಷ ನಾನು ಸಿರುಗುಪ್ಪದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೇ ತರಗತಿಯ ಟೀಚರಾಗಿದ್ದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನವೂ ಬಸ್ಸು. ಇಳಿಯುವ ಹೊತ್ತಿಗೇ ಸೊಂಟ ಸೋತಿರುತ್ತಿತ್ತು.

ಕಾಲುವೆಗೆ ನೀರು ಬಿಟ್ಟರೆ ಕೆಲವು ಹುಡುಗಿಯರು ಭತ್ತದ ನಾಟಿಗೆ ಹೋಗಿಬಿಡುತ್ತಿದ್ದರು. ಮೂರು ವಾರ ಬಿಟ್ಟು ಬಂದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಅವರಿಗೆಂದೇ ಹಿಂದುಗಡೆ ಒಂದು ಬೆಂಚು ಹಾಕಿಸಿ, ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸುಲಭದ ಲೆಕ್ಕಗಳನ್ನು ಹಾಳೆಗೆ ಬರೆದು ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡಿದ್ದೆ. ಎರಡೇ ದಿನದಲ್ಲಿ ಉಳಿದವರು ಅದಕ್ಕೆ ‘ಕೆಸರು ಬೆಂಚು’ ಎಂದು ಹೆಸರಿಟ್ಟರು. ಮೂರನೆಯ ದಿನದಿಂದ, ಆ ಬೆಂಚಿನಲ್ಲಿ ಕೂರುತ್ತಿದ್ದ ಹುಲಿಗೆಮ್ಮ ಶಾಲೆಗೆ ಬರಲಿಲ್ಲ.

“ಸೋಮವಾರ ಬರದಿದ್ರ ಹೆಸರು ಹೊಡೆದು ಹಾಕ್ತೀನಿ ನೋಡ್ರಿ,” ಎಂದರು ಹೆಡ್‌ಮಾಸ್ಟರು. ಹೆಸರು ಹೋದರೆ ಅವಳ ಓದು ಅಲ್ಲಿಗೇ ಮುಗಿದಂತೆ.

ಹುಲಿಗೆಮ್ಮನ ಮನೆಗೆ ಹೋದೆ. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಕರಿಮಣ್ಣಿತ್ತು. ಹುಡುಗಿ ತಲೆ ಎತ್ತಲಿಲ್ಲ, ತಾಯಿಯೇ ಕೇಳಿದಳು: “ಹೊಲದಾಗ ಈಕಿ ಕೈ ಎಲ್ಲಾರಿಗಿಂತ ಚುರುಕ್ ಐತ್ರಿ ಅಮ್ಮಾರ. ಸಾಲ್ಯಾಗ ಯಾಕ ಹಿಂದ ಕುಂದ್ರಸ್ತೀರಿ?”

ನಾನು ಹುಡುಗಿಯತ್ತ ತಿರುಗಿದೆ. “ಆ ಬೆಂಚು ತೆಗೀತೀನಿ, ಬಾ,” ಎಂದಷ್ಟೇ ಹೇಳಿ ಬಸ್ಸು ಹಿಡಿದೆ.

ಸೋಮವಾರ ಭಿನ್ನರಾಶಿಯ ಪಾಠ. ಬೆಂಚನ್ನು ತರಗತಿಯ ನಡುವೆ ಎಳೆಸಿ, ಅದರ ಮೇಲೆ ಅಕ್ಕಿ, ಸೇರು, ಪಾವು, ಹಳೆಯ ಹಾಳೆ, ಸ್ಲೇಟು ಎಲ್ಲ ಇಟ್ಟೆ. ಅಳೆದು ತೋರಿಸಲಿ, ಹಾಳೆ ಮಡಚಿ ತೋರಿಸಲಿ, ಬಾಯಲ್ಲಿ ಹೇಳಲಿ, ಬರೆಯಲಿ. ಯಾರಿಗೆ ಯಾವುದು ಬೇಕೋ ಅದು. ಹಾಜರಿ ಮುಗಿಯುವಾಗ ಹುಲಿಗೆಮ್ಮ ಬಾಗಿಲಲ್ಲಿ ನಿಂತಳು. ಮೊದಲು ಹಿಂದಿನ ಗೋಡೆಯತ್ತ ನೋಡಿದಳು. ಆಮೇಲೆ ಒಳಗೆ ಬಂದಳು.

ರೈಸ್‌ಮಿಲ್ಲಿನವರ ಮಗಳು ಶಾರದಾ ಅಂದವಾಗಿ ಬರೆಯುವವಳು. ಕಾಲು ಭಾಗಕ್ಕಿಂತ ಎಂಟನೇ ಒಂದು ಭಾಗವೇ ದೊಡ್ಡದೆಂದು ಬರೆದಿದ್ದಳು. ಹುಲಿಗೆಮ್ಮ ಇಣುಕಿ ನೋಡಿ ನಕ್ಕಳು.

“ಲೇ ಶಾರದಾ, ಒಂದು ರೊಟ್ಟಿ ಎಂಟು ಮಂದಿಗೆ ಹರದ್ರ ನಿನಗೇನ್ ಸಿಗತೈತಿ? ನಾಕ್ ಮಂದಿಗೆ ಹರದು ನೋಡು.”

ಶಾರದಾ ಸ್ಲೇಟು ಬಿಟ್ಟು ಹಾಳೆ ಮಡಚತೊಡಗಿದಳು. “ಹೌದಲ್ಲೇ! ಆದ್ರ ಅದನ್ನ ಬರಿಯಾಕ ನಿನಗ ಬರ್ತೈತೇನು?” ಎಂದು ಮೂದಲಿಸಿ, ತಾನೇ ಬರೆದು ತೋರಿಸಿದಳು.

ಅಂದಿನಿಂದ ಪ್ರತಿ ಪಾಠಕ್ಕೂ ಮೂರು ಪಾಠದಷ್ಟು ತಯಾರಿ. ಸಂಜೆ ಬಸ್ಸಿನಲ್ಲಿ ಸೆರಗಿನಿಂದ ಅಕ್ಕಿಕಾಳು ಉದುರಿದರೆ ಬಗ್ಗಿ ಎತ್ತಿಕೊಳ್ಳುವ ತ್ರಾಣವೂ ಇರುತ್ತಿರಲಿಲ್ಲ. ಹುಲಿಗೆಮ್ಮ ಆ ವರ್ಷ ಪಾಸಾದಳು.

ಎರಡು ವರ್ಷದ ನೌಕರಿ ಕಲಿಸಿದ್ದು ಇಷ್ಟೇ: ಒಬ್ಬಳಿಗೆಂದು ಬೇರೆ ಮಾಡಿ ಕೊಟ್ಟ ಸಹಾಯ ಅವಳ ತಲೆ ತಗ್ಗಿಸುತ್ತದೆ. ಅದನ್ನೇ ಎಲ್ಲರ ನಡುವೆ ಇಟ್ಟರೆ, ಶಾರದಾಳ ಕೈಯೂ ಅದರತ್ತ ಚಾಚುತ್ತದೆ.